ಅಜ್ಜನ ಹಡಗು, ಪಪ್ಪನ ಸ್ಕ್ಯಾನು

ಪಪ್ಪನ ಬಲಗಾಲಿಗೆ ಏನೋ ಆಗಿದೆ ಎಂದು ನನಗೆ ಗೊತ್ತಾದದ್ದು ಅವರ ಚಪ್ಪಲಿಯಿಂದ. ನೆವಾರ್ಕಿನ ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಹಾಲಿಗೆ ನಡೆದುಹೋಗುತ್ತಿದ್ದರು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು, ಪಪ್ಪ ಮುಂದೆ ಹೋದರು. ಕಾಲಿನಿಂದ ಕಳಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

"ಪಪ್ಪ, ಚಪ್ಪಲಿ ಬಿಟ್ಟು ಹೋಗ್ತಾ ಇದ್ದೀರಿ" ಎಂದೆ.

ತಿರುಗಿ ನೋಡಿದರು. "ಅದಕ್ಕೆ ಎಂತ ಮಾಡ್ಲಿಕ್ಕುಂಟು? ನನ್ನ ಒಟ್ಟಿಗೆ ಬರ್ಲಿಕ್ಕೆ ಅದಕ್ಕೆ ಮನಸ್ಸಿಲ್ಲ" ಎಂದರು.

ಮಂಗಳೂರಿನ ಹೈಸ್ಕೂಲೊಂದರಲ್ಲಿ ಆಯುಷ್ಯವಿಡೀ ಕನ್ನಡ ಕಲಿಸಿದವರು ಅವರು. ಅಮ್ಮನ ಜೊತೆ ಕೊಂಕಣಿ, ಮಕ್ಕಳ ಜೊತೆ ಕನ್ನಡ. ಅಮ್ಮ ತೀರಿಹೋದ ಮೇಲೆ ಬಂದು ನನ್ನ ಜೊತೆಗೇ ಇದ್ದಾರೆ. ಎಂಬತ್ತು ದಾಟಿದರೂ ತಮಾಷೆ ಬಿಟ್ಟಿಲ್ಲ. ನಾನು ಮಾತ್ರ ತಮಾಷೆಗೆ ಕರಗುವ ಜಾತಿಯವಳಲ್ಲ. ಅವತ್ತೇ ಡಾಕ್ಟರಿಗೆ ಫೋನು ಮಾಡಿದೆ.

ಬೆನ್ನುಹುರಿಯ ಪಕ್ಕದಲ್ಲಿ ಏನೋ ಬೆಳೆದು ನರವನ್ನು ಒತ್ತುತ್ತಿದೆ ಎಂದು ಅವರಿಗೆ ಅನುಮಾನ. ಕತ್ತರಿಸಿ ತೆಗೆಯಬಹುದು. ಆದರೆ ಅದು ಎಲ್ಲಿಂದ ಎಲ್ಲಿಯವರೆಗೆ ಇದೆಯೆಂದು ಎಂಆರ್‌ಐ ಚಿತ್ರದಲ್ಲಿ ನೋಡದೆ ತಾನು ಚಾಕು ಮುಟ್ಟುವುದಿಲ್ಲ ಎಂದು ಸರ್ಜನ್ ಖಡಾಖಂಡಿತ ಹೇಳಿದರು. ತಡ ಮಾಡಿದರೆ ಈ ಕಾಲು ಹೋಗುತ್ತದೆ, ಆಮೇಲೆ ಇನ್ನೊಂದು. ಹೋದದ್ದು ಮತ್ತೆ ಬರುವುದಿಲ್ಲ. ಇಷ್ಟನ್ನೂ ಅವರು ಎಷ್ಟು ಸಮಾಧಾನದಿಂದ ಹೇಳಿದರೆಂದರೆ ನಾನು ಕುರ್ಚಿಯಲ್ಲಿ ಕೂರಲಾಗದೆ ಎದ್ದು ನಿಂತುಬಿಟ್ಟೆ.

ಸ್ಕ್ಯಾನಿಗೆ ನಾನೇ ಕರೆದುಕೊಂಡು ಹೋದೆ. ಉದ್ದ ಕೊಳವೆಯಂಥ ಯಂತ್ರ, ಅದರೊಳಗೆ ಮಲಗಿದ ಮನುಷ್ಯನನ್ನು ತಳ್ಳುತ್ತಾರೆ. ಕೈಯಲ್ಲಿ ರಬ್ಬರಿನ ಸಣ್ಣ ಉಂಡೆ ಕೊಟ್ಟಿರುತ್ತಾರೆ, ಸಹಿಸಲಾಗದಿದ್ದರೆ ಹಿಸುಕಿದರಾಯಿತು, ಹೊರಗೆ ಎಳೆಯುತ್ತಾರೆ. ನಾನು ಹೊರಗೆ ಕೂತು ಪತ್ರಿಕೆಯ ಪುಟ ಮಗುಚುತ್ತಿದ್ದೆ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆಯಿತು. ಪಪ್ಪ ಆಸ್ಪತ್ರೆಯ ಗೌನಿನಲ್ಲಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ಮನೆಗೆ ಹೋಗುವಾ" ಎಂದರು.

ಸ್ಕ್ಯಾನು ಮಾಡುವ ಹೆಂಗಸು ಒಳ್ಳೆಯವಳು. ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ತಂದೆ ಒಳಗೆ ಆರಾಮಾಗಿಯೇ ಇದ್ದರು, ನನ್ನ ಜೊತೆ ಜೋಕು ಕೂಡ ಮಾಡಿದರು, ಯಂತ್ರ ಶುರುವಾಗಿ ಸದ್ದು ಬಂದದ್ದೇ ತಡ ಉಂಡೆ ಹಿಸುಕಿದರು ಎಂದಳು. ಎಂಆರ್‌ಐಯಲ್ಲಿ ಸದ್ದು ಜೋರು, ಎಲ್ಲರೂ ಗೊಣಗುತ್ತಾರೆ, ಇದರಲ್ಲಿ ಹೊಸದೇನು ಎಂದು ನಾನು ಆ ಮಾತನ್ನು ಅಲ್ಲೇ ಬಿಟ್ಟೆ. ಯಾಕೆಂದರೆ ಕಾರಣ ನನಗೆ ಗೊತ್ತಿತ್ತು. ನಮ್ಮ ಇಡೀ ಕುಟುಂಬಕ್ಕೇ ಗೊತ್ತಿತ್ತು.

ನಮ್ಮ ಅಜ್ಜ, ಅಂದರೆ ಪಪ್ಪನ ಅಪ್ಪ, ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಯುದ್ಧನೌಕೆಯೊಂದರಲ್ಲಿ ಅಧಿಕಾರಿಗಳಿಗೆ ಊಟ ತಿಂಡಿ ಬಡಿಸುವ ಸ್ಟೀವರ್ಡ್ ಆಗಿದ್ದರು. ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹೋದವರು ಹಡಗು ಹತ್ತಿದರು. ದೊಡ್ಡ ಹಡಗಲ್ಲ. ಬೆಂಗಾವಲಿನ ಡೆಸ್ಟ್ರಾಯರ್. ಸರಕು ಹಡಗುಗಳು ಸಾಲುಗಟ್ಟಿ ಸಮುದ್ರ ದಾಟುವಾಗ ಸುತ್ತಲೂ ಓಡಾಡುತ್ತ, ನೀರಿನಡಿಯ ಸಬ್‌ಮರೀನಿನಿಂದ, ಮೇಲಿನ ವಿಮಾನದಿಂದ ಅವನ್ನು ಕಾಯುವುದು ಅದರ ಕೆಲಸ. ನಾನು ಮನೆಯಲ್ಲೇ ಡೇಕೇರ್ ನಡೆಸುತ್ತೇನೆ. ಪುಟಾಣಿಗಳಿಗೆ ಹಗ್ಗ ಹಿಡಿಸಿ ಪಾರ್ಕಿಗೆ ನಡೆಸಿಕೊಂಡು ಹೋಗುವಾಗ ಒಮ್ಮೆ ಮುಂದೆ ಓಡಿ, ಒಮ್ಮೆ ಹಿಂದೆ ಬಂದು, ಕಾರು ಬರುವ ಕಡೆ ನಾನೇ ಅಡ್ಡ ನಿಲ್ಲುತ್ತೇನಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಏಡನ್, ಸೂಯೆಜ್, ಅಲೆಕ್ಸಾಂಡ್ರಿಯಾ. ಈ ಹೆಸರುಗಳನ್ನು ಅಜ್ಜ ಪಕ್ಕದ ಊರುಗಳ ಹಾಗೆ ಹೇಳುತ್ತಿದ್ದರು. ಸಬ್‌ಮರೀನಿನ ಸುಳಿವು ಸಿಕ್ಕಿದರೆ ಹಡಗಿನ ಹಿಂಬದಿಯಿಂದ ಡ್ರಮ್ಮಿನಂಥ ಬಾಂಬುಗಳನ್ನು ನೀರಿಗೆ ಉರುಳಿಸುತ್ತಿದ್ದರಂತೆ. ಅವು ಆಳದಲ್ಲಿ ಸಿಡಿದಾಗ ಅಜ್ಜನ ಕಪಾಟಿನ ಕಪ್ಪು-ಬಸಿಗಳೆಲ್ಲ ಚೂರು. ಸಬ್‌ಮರೀನು ಸಿಕ್ಕಿತೋ ಇಲ್ಲವೋ, ಮೀನು ಮಾತ್ರ ರಾಶಿರಾಶಿ ತೇಲಿ ಬರುತ್ತಿತ್ತು. ಅಡುಗೆಯವನು ಬಲೆ ಹಿಡಿದು ಓಡುತ್ತಿದ್ದ. "ಇಂಗ್ಲಿಷಿನವರಿಗೆ ಮೀನು ಬೇಯಿಸ್ಲಿಕ್ಕೆ ಬರೂದಿಲ್ಲ, ಅದೇ ದೊಡ್ಡ ಯುದ್ಧ" ಎಂದು ಅಜ್ಜ ನಗುತ್ತಿದ್ದರು. ಕ್ಯಾಪ್ಟನ್ನನಿಗೆ ಸೌಟು ನಿಲ್ಲುವಷ್ಟು ಗಟ್ಟಿ ಕೋಕೋ ಕುದಿಸಿ, ಓಲಾಡುವ ಏಣಿಯಲ್ಲಿ ಒಂದು ಹನಿ ಚೆಲ್ಲದೆ ಒಯ್ದ ಕತೆಯನ್ನು ನಾವು ಮಕ್ಕಳು ಮತ್ತೆ ಮತ್ತೆ ಹೇಳಿಸುತ್ತಿದ್ದೆವು.

ಆದರೆ ಅಪಾಯದ ಗಂಟೆ ಹೊಡೆದರೆ ಸ್ಟೀವರ್ಡುಗಳು ಸ್ಟೀವರ್ಡುಗಳಾಗಿ ಉಳಿಯುತ್ತಿರಲಿಲ್ಲ. ಬಿಳಿ ಕೋಟು ಬಿಚ್ಚಿ, ಅಡುಗೆಯವರ ಜೊತೆ ಹಡಗಿನ ತಳಕ್ಕೆ ಇಳಿಯಬೇಕು. ಅಲ್ಲಿ ಮದ್ದಿನ ಕೋಣೆ. ಅಲ್ಲಿಂದ ತೋಪಿನ ಗುಂಡುಗಳನ್ನು ಮೇಲಕ್ಕೆ ಸಾಗಿಸಬೇಕು. ಬೆಂಕಿ ಬಿದ್ದರೆ ಕೋಣೆಯ ಉಕ್ಕಿನ ಮುಚ್ಚಳ ಹಾಕಿ, ಹೊರಗಿನಿಂದ ಬಿಗಿದು, ನೀರು ತುಂಬಿಸುತ್ತಾರೆ. ಇಲ್ಲದಿದ್ದರೆ ಮದ್ದು ಸಿಡಿದು ಹಡಗೇ ಎರಡು ತುಂಡು. ಹೀಗೊಂದು ಸಲ ಅಜ್ಜನನ್ನು ಒಳಗೆ ಹಾಕಿ ಮುಚ್ಚಿದ್ದರು, ಹೇಗೋ ಬದುಕಿ ಬಂದರು, ಅಂದಿನಿಂದ ಮುಚ್ಚಿದ ಕೋಣೆ ಕಂಡರೆ ಅವರಿಗಾಗದು. ಇದು ನಮ್ಮ ಮನೆಯ ಕತೆ. ದೊಡ್ಡಮ್ಮ ಹೇಳುತ್ತಿದ್ದರು, ಅಮ್ಮ ಹೇಳುತ್ತಿದ್ದರು. ಅಜ್ಜ ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ.

ಊರಿಗೆ ಬಂದು ಅಜ್ಜ ಕಟ್ಟಿಸಿದ ಮನೆಯಲ್ಲಿ ಒಂದು ಬಾಗಿಲಿಗೂ ಚಿಲಕವಿರಲಿಲ್ಲ. ಹಗಲು ಯಾವ ಬಾಗಿಲನ್ನೂ ಮುಂದೆ ಹಾಕುವಂತಿಲ್ಲ. ಬಚ್ಚಲಿಗೆ ಗೋಣಿಯ ಪರದೆ. ಒಳಗಿದ್ದವರು ಹಾಡುತ್ತಿರಬೇಕು, ಹಾಡು ನಿಂತರೆ ಬಚ್ಚಲು ಖಾಲಿ ಎಂದು ಲೆಕ್ಕ. ನಮ್ಮ ಮನೆಯವರೆಲ್ಲ ಒಳ್ಳೆಯ ಹಾಡುಗಾರರು ಎಂದು ಇಗರ್ಜಿಯಲ್ಲಿ ಪಾದ್ರಿಗಳು ಹೊಗಳುತ್ತಿದ್ದರು. ಅದು ದೇವರು ಕೊಟ್ಟ ಗಂಟಲಲ್ಲ, ಬಚ್ಚಲು ಕೊಟ್ಟದ್ದು. ಅಂಚೆಯವನು, ಮೀನಿನವಳು, ಯಾರು ಬಂದರೂ ಅಂಗಳದಿಂದ ಕೂಗಿ ಕರೆಯಬೇಕು, ಬಾಗಿಲಾಗಲಿ ಕಂಬವಾಗಲಿ ಏನನ್ನೂ ತಟ್ಟಬಾರದು. ಬಾಗಿಲು ತೆರೆದೇ ಇರುವ ಮನೆಯಲ್ಲಿ ತಟ್ಟಬಾರದೆಂಬ ಕಟ್ಟಳೆಯಾದರೂ ಯಾಕೆ ಎಂದು ನಾನೂ ಯೋಚಿಸಿರಲಿಲ್ಲ.

ಪಪ್ಪನೂ ಹಾಗೆಯೇ. ಇಲ್ಲಿಗೆ ಬಂದ ಮೇಲೆ ನನ್ನ ಡೇಕೇರಿನ ಗೇಟಿಗೂ ಅವರಿಗೂ ಶುರುವಾದ ಜಗಳ ಇವತ್ತಿಗೂ ಮುಗಿದಿಲ್ಲ. ಮಕ್ಕಳು ಅಡುಗೆಮನೆಗೆ ನುಗ್ಗದಂತೆ ಗೇಟು ಹಾಕಿ ಕೊಂಡಿ ಸಿಕ್ಕಿಸುವುದು ಇಲ್ಲಿನ ಕಾನೂನು. ನಾನು ಸಿಕ್ಕಿಸಿ ತಿರುಗುವಷ್ಟರಲ್ಲಿ ಪಪ್ಪ ತೆಗೆದಿರುತ್ತಾರೆ. "ಮಗು ಆಚೆ ನಿಂತು ಗೇಟು ಬಡಿತಾ ಇತ್ತು ಮಾರಾಯ್ತಿ, ನನಗೆ ನೋಡ್ಲಿಕ್ಕಾಗ್ಲಿಲ್ಲ" ಎನ್ನುತ್ತಾರೆ. ಲೈಸನ್ಸು ಹೋದರೆ ಊಟಕ್ಕೆ ಗೇಟನ್ನೇ ಬಡಿಸುತ್ತೇನೆ ಎಂದು ನಾನು ಕೂಗಾಡುತ್ತೇನೆ.

ಆದ್ದರಿಂದ ಪಪ್ಪ ಸ್ಕ್ಯಾನಿನಿಂದ ಎದ್ದು ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು. ಮಂಪರು ಕೊಟ್ಟು ಮಾಡಿ ಎಂದೆ. ಇವರ ಹೃದಯ ದುರ್ಬಲ, ಆಪರೇಷನ್ನಿನ ಮಂಪರನ್ನು ಒಂದು ಸಲ ಕೊಡುವುದೇ ಹೆಚ್ಚು, ಸ್ಕ್ಯಾನಿಗೆಂದು ಬೇರೆ ಕೊಡಲಾಗದು ಎಂದರು. ಸುತ್ತ ತೆರೆದಿರುವ ಯಂತ್ರವೂ ಉಂಟಂತೆ, ಅದರ ಚಿತ್ರ ಸರ್ಜನ್‌ಗೆ ಸಾಲದಂತೆ. ಎಲ್ಲ ದಾರಿಯೂ ಆ ಕೊಳವೆಯ ಬಾಯಿಗೇ ಬಂದು ನಿಲ್ಲುತ್ತಿತ್ತು.

ಪಪ್ಪನನ್ನು ಕೇಳಿದರೆ "ಬೇಡ ಅಂದ್ರೆ ಬೇಡ. ಕಾಲು ಹೋದ್ರೆ ಹೋಗ್ಲಿ, ಎಷ್ಟು ವರ್ಷ ನಡೆದಿದ್ದೇನೆ" ಎಂದರು.

"ನೀವು ನಡೆದದ್ದು ಸಾಕು, ಇನ್ನು ನಾನು ಹೊತ್ತುಕೊಂಡು ತಿರುಗ್ಬೇಕಾ?" ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತು. ಅವರು ನಕ್ಕರು, ನನಗೆ ಅದೂ ಸಹಿಸಲಾಗಲಿಲ್ಲ.

ಆ ದಿನಗಳಲ್ಲಿ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತಿದ್ದೆ. ಗ್ರೋಸರಿಗೆಂದು ಹೊರಟು ಫ್ರೀವೇ ಹತ್ತಿ, ಇಳಿಯಬೇಕಾದ ಎಕ್ಸಿಟ್ ದಾಟಿ ಎಲ್ಲಿಗೋ ಹೋಗಿ ತಿರುಗಿ ಬರುತ್ತಿದ್ದೆ. ಮನೆಯೊಳಗೆ ಪಪ್ಪ ಕಾಲು ಎಳೆಯುವ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಲು ಓಡುತ್ತಿದ್ದೆ, ಕೇಳದಿದ್ದರೆ ಇನ್ನೂ ಬೇಗ ಓಡುತ್ತಿದ್ದೆ. ನನ್ನ ಗಂಡ ಧಾರವಾಡದವರು, ಬೇಗ ಬಿಸಿಯಾಗುವ ಮನುಷ್ಯನಲ್ಲ. "ನಿನ್ನ ಕಾಲಾಗ ಚಕ್ರ ಐತೇನು? ಒಂದ್ ಕಡೆ ಕೂಡು. ನಿನ್ನ ನೋಡಿ ನೋಡಿ ನನಗ ತಲಿ ತಿರಗಾಕ ಹತ್ತೈತಿ" ಎಂದರು. ಕೂತೆ. ಆದರೆ ಕಾಲು ಅಲುಗುತ್ತಲೇ ಇತ್ತು.

ಉಪಾಯ ಹೇಳಿದವಳು ಕಾಲೇಜಿನಿಂದ ರಜೆಗೆ ಬಂದಿದ್ದ ನನ್ನ ಮಗಳು. "ಅಮ್ಮಾ, ಇಟ್ಸ್ ಕಾಲ್ಡ್ ಎಕ್ಸ್‌ಪೋಷರ್. ಸ್ಮಾಲ್ ಸ್ಪೇಸಸ್, ಲಿಟಲ್ ಬೈ ಲಿಟಲ್. ಹಿ ವಿಲ್ ಗೆಟ್ ಯೂಸ್ಡ್ ಟು ಇಟ್" ಎಂದಳು. ಇಕ್ಕಟ್ಟಿನ ಜಾಗಗಳನ್ನು ಪಪ್ಪನಿಗೆ ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕಂತೆ. ಬೇ, ಅಂದರೆ ಇಲ್ಲಿನ ಕೊಲ್ಲಿಯ ದಡದಲ್ಲಿ ಯುದ್ಧಕಾಲದ ಸರಕು ಹಡಗೊಂದನ್ನು ಮ್ಯೂಸಿಯಮ್ಮು ಮಾಡಿ ನಿಲ್ಲಿಸಿದ್ದಾರೆ, ಅಲ್ಲಿಗೆ ಕರೆದೊಯ್ಯಿ ಎಂದಳು. ಹೆದರಿಕೆ ಹುಟ್ಟಿದ್ದು ಹಡಗಿನಲ್ಲಾದರೆ ಬಿಡಿಸುವುದೂ ಹಡಗಿನಲ್ಲೇ ಆಗಲಿ ಎಂದು ನಾನೂ ಒಪ್ಪಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಾರಲ್ಲ.

ಪಪ್ಪ ತಕರಾರು ಮಾಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದರು. ಅದೊಂದು ಶನಿವಾರ ಬೆಳಿಗ್ಗೆ. ಮಗಳು ಏನೋ ನೆಪ ಹೇಳಿ ತಪ್ಪಿಸಿಕೊಂಡಳು, ನಾವಿಬ್ಬರೇ ಹೋದೆವು.

ಹಡಗಿನ ಹೊಟ್ಟೆಗೆ ಇಳಿಯಲು ಪ್ರವಾಸಿಗರಿಗಾಗಿ ಅಗಲವಾದ ಮೆಟ್ಟಿಲು ಕಟ್ಟಿದ್ದರು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಕೈಕಂಬಿ ಹಿಡಿದು, ಬಲಗಾಲನ್ನು ಕೈಯಿಂದಲೇ ಎತ್ತಿ ಇಟ್ಟು ಪಪ್ಪ ಇಳಿದರು. ನಾನು ಹಿಂದಿನಿಂದ ಅವರ ಬೆಲ್ಟು ಹಿಡಿದುಕೊಂಡಿದ್ದೆ. ಇನ್ನೇನು ಬೆವರುತ್ತಾರೆ, ಇನ್ನೇನು ತಿರುಗುತ್ತಾರೆ ಎಂದು ಕಾಯುತ್ತಿದ್ದೆ. ಹಾಗೇನೂ ಆಗಲಿಲ್ಲ. ಕೆಳಗೆ ಕಿಟಕಿಯಿಲ್ಲ, ಎಣ್ಣೆ ಮತ್ತು ಹಳೆ ಬಣ್ಣದ ವಾಸನೆ, ನಾಲ್ಕೂ ಕಡೆ ಉಕ್ಕು. ನನಗೇ ಉಸಿರು ಸಾಲಲಿಲ್ಲ. ಪಪ್ಪ ಮಾತ್ರ ಒಂದು ಬೆಂಚಿನ ಮೇಲೆ ಕೂತು, ಅಲ್ಲಿದ್ದ ಮುದುಕ ಸ್ವಯಂಸೇವಕನ ಹತ್ತಿರ ಗುಂಡುಗಳನ್ನು ಎಲ್ಲಿಡುತ್ತಿದ್ದರು, ಮೇಲಕ್ಕೆ ಹೇಗೆ ಎತ್ತುತ್ತಿದ್ದರು ಎಂದೆಲ್ಲ ವಿಚಾರಿಸತೊಡಗಿದರು. ಇಕ್ಕಟ್ಟಾದ ಒಂದು ಉಗ್ರಾಣದೊಳಗೆ ತಾವೇ ತಲೆ ತಗ್ಗಿಸಿ ಹೋಗಿ, ಮೇಷ್ಟ್ರು ಕ್ಲಾಸು ನೋಡುವ ಹಾಗೆ ಮೂಲೆಮೂಲೆ ನೋಡಿ ಬಂದು ಮತ್ತೆ ಬೆಂಚಿನಲ್ಲಿ ಕೂತರು.

"ಪಪ್ಪ, ನಿಮಗೆ ಎಂತದೂ ಆಗುವುದಿಲ್ವಾ?" ಎಂದು ಕೇಳಿದೆ.

"ಎಂತ ಆಗ್ಬೇಕು? ತಂಪಾಗಿ ಉಂಟು."

ನನ್ನ ತಲೆ ಕೆಟ್ಟುಹೋಯಿತು. ಹಾಗಾದರೆ ಆ ಕೊಳವೆಯೊಳಗೆ ಮಲಗಲು ಏನು ಧಾಡಿ ಎಂದು ಅಲ್ಲೇ ಜಗಳ ತೆಗೆಯಲು ಬಾಯಿ ತೆರೆದಿದ್ದೆ. ಆಗ ಮೇಲಿನಿಂದ ಸದ್ದು ಶುರುವಾಯಿತು.

ಟಣ್. ಟಣ್ ಟಣ್. ಸ್ವಲ್ಪ ತಡೆದು ಮತ್ತೆ ಟಣ್. ಉಕ್ಕಿನ ಮೇಲೆ ಉಕ್ಕು. ಯಾವ ಗೋಡೆಯಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ, ಎಲ್ಲ ಗೋಡೆಗಳಿಂದಲೂ ಬರುತ್ತಿತ್ತು.

ಪಪ್ಪ ದಡಕ್ಕನೆ ಎದ್ದರು. ಕೋಲು ಬಿತ್ತು, ಎತ್ತಿಕೊಳ್ಳಲಿಲ್ಲ. ಮೆಟ್ಟಿಲಿನ ಕಡೆ ನುಗ್ಗಿದರು. ಬಲಗಾಲು ಮೊದಲ ಮೆಟ್ಟಿಲಿಗೇ ಸೋತು ಮೊಣಕಾಲೂರಿ ಬಿದ್ದರು. ಆದರೂ ನಿಲ್ಲದೆ ಎರಡೂ ಕೈ ಊರಿಕೊಂಡು, ನನ್ನ ಡೇಕೇರಿನ ಕೂಸುಗಳು ಹತ್ತುವ ಹಾಗೆ ಹತ್ತತೊಡಗಿದರು. ನನ್ನ ಅಪ್ಪನನ್ನು ಆ ಸ್ಥಿತಿಯಲ್ಲಿ ನೋಡುವ ದಿನ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಸ್ವಯಂಸೇವಕನೂ ನಾನೂ ಎರಡು ಕಡೆಯಿಂದ ಹಿಡಿದು ಮೇಲೆ ತಂದೆವು.

ಡೆಕ್ಕಿನ ಮೇಲೆ ಇಬ್ಬರು ವಯಸ್ಸಾದ ಸ್ವಯಂಸೇವಕರು ಮಂಡಿಯೂರಿ ಸುತ್ತಿಗೆಯಿಂದ ತುಕ್ಕು ಕೆತ್ತುತ್ತಿದ್ದರು. ವಾರವಾರ ಮಾಡುವ ಕೆಲಸವಂತೆ. ನಮ್ಮನ್ನು ನೋಡಿ ಸುತ್ತಿಗೆ ಕೆಳಗಿಟ್ಟರು.

"ತುಕ್ಕು ತೆಗೆಯುವುದು ಪಪ್ಪ, ಬೇರೆ ಎಂತದೂ ಅಲ್ಲ" ಎಂದೆ.

"ಗೊತ್ತುಂಟು. ಕಣ್ಣಿಗೆ ಗೊತ್ತುಂಟು. ಕಿವಿಗೆ ಗೊತ್ತಾಗುವುದಿಲ್ಲ."

ಅವರನ್ನು ಹಡಗಿನ ಅಂಚಿನ ಬೆಂಚೊಂದರ ಮೇಲೆ ಕೂರಿಸಿ ನೀರು ಕೊಟ್ಟೆ. ಮುಂದೆ ಕೊಲ್ಲಿಯ ನೀರು, ಗಾಳಿ ಬೀಸುತ್ತಿತ್ತು. ಮೊಣಕಾಲು ತರಚಿ ಪ್ಯಾಂಟಿನ ಮೇಲೆ ರಕ್ತ ಬಂದಿತ್ತು. ಒರೆಸಲು ಹೋದರೆ ಕೈ ತಳ್ಳಿದರು.

"ನಿನ್ನ ಅಜ್ಜ ಒಳಗೆ ಇದ್ದದ್ದಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ.

"ಆ ಕೋಣೆಯ ಒಳಗೆ. ಅವರು ಒಳಗೆ ಇರ್ಲಿಲ್ಲ. ಹೊರಗೆ ಇದ್ದದ್ದು."

ಅವತ್ತು ಗಂಟೆ ಹೊಡೆದಾಗ ಅಜ್ಜನ ಪಾಳಿ ಹೊರಗೆ ಮುಚ್ಚಳದ ಹತ್ತಿರ ನಿಲ್ಲುವುದಾಗಿತ್ತಂತೆ. ಒಳಗೆ ಮೂವರು ಇಳಿದರು. ಇಬ್ಬರು ಇಂಗ್ಲಿಷಿನವರು, ಒಬ್ಬ ನಮ್ಮ ಕುಂದಾಪುರದ ಕಡೆಯವನು. ಅಜ್ಜನ ಜೊತೆಯ ಸ್ಟೀವರ್ಡ್ ಅವನು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ವಿಮಾನ ಹಾಕಿದ ಬಾಂಬು ಹಡಗಿನ ಮಧ್ಯಕ್ಕೆ ಬಿತ್ತು. ಬೆಂಕಿ ಮದ್ದಿನ ಕೋಣೆಯ ಗೋಡೆಯವರೆಗೆ ಬಂತು. ಮುಚ್ಚಳ ಹಾಕು ಎಂದು ಅಧಿಕಾರಿಯ ಆಜ್ಞೆ. ಒಳಗಿದ್ದವರನ್ನು ಹತ್ತಿಸಿಕೊಳ್ಳಲು ಪುರುಸೊತ್ತಿರಲಿಲ್ಲ, ಹಾಗೆಂದು ಅಧಿಕಾರಿ ಹೇಳಿದ. ಅಜ್ಜ ಹಾಕಿದರು. ತಮ್ಮ ಕೈಯಾರೆ ಒಂದೊಂದೇ ತಿರುಪು ಬಿಗಿದರು. ಅಧಿಕಾರಿ ನೀರು ಬಿಟ್ಟ.

"ಅವರು ಒಳಗಿಂದ ಬಡಿಯಲಿಕ್ಕೆ ಶುರು ಮಾಡಿದ್ರು" ಎಂದರು ಪಪ್ಪ. "ಬೆಂಕಿ ನಂದಿಸಲಿಕ್ಕೆ ಮೇಲೆ ಬಾ ಅಂತ ಅಧಿಕಾರಿ ಕರೆದ. ಅವರು ಇನ್ನೂ ಬಡಿತಾ ಇದ್ದಾಗಲೇ ಅಪ್ಪ ಏಣಿ ಹತ್ತಿ ಹೋದ್ರು."

ಹಡಗು ಉಳಿಯಿತು. ಹಡಗಿನ ಉಳಿದವರೆಲ್ಲ ಉಳಿದರು. ಅದನ್ನು ಎಳೆದುಕೊಂಡು ಹೋಗಿ ಬಂದರಿಗೆ ಮುಟ್ಟಿಸಿದರು. ಒಳ್ಳೆಯ ಕೆಲಸ ಮಾಡಿದೆ ಎಂದು ಕ್ಯಾಪ್ಟನ್ ಅಜ್ಜನ ಬೆನ್ನು ತಟ್ಟಿದನಂತೆ.

ನಮ್ಮ ಇಡೀ ಸಂಸಾರ ಇಷ್ಟು ವರ್ಷ ಗೋಣಿ ಪರದೆಯ ಹಿಂದೆ ನಿಂತು ಹಾಡಿದ್ದು ಅಜ್ಜ ಒಳಗಿದ್ದರು ಎಂದು ತಿಳಿದು. ಅಜ್ಜನಿಗೆ ಮುಚ್ಚಿದ ಕೋಣೆಯ ಭಯವೇ ಇರಲಿಲ್ಲ. ಬಾಗಿಲು ಹಾಕಿದರೆ ತಾನೇ ಯಾರಾದರೂ ಬಡಿಯುವುದು. ಯಾರೂ ಬಡಿಯುವ ಪ್ರಮೇಯವೇ ಬರಬಾರದು ಎಂದು ಆ ಮನುಷ್ಯ ಮನೆಯ ಬಾಗಿಲುಗಳನ್ನೆಲ್ಲ ತೆರೆದಿಟ್ಟರು. ಇಷ್ಟು ಸರಳ ವಿಷಯ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಅಳು ಬಂತು.

"ನಿಮಗೆ ಯಾವಾಗ ಹೇಳಿದ್ರು?"

"ಆಸ್ಪತ್ರೆಯಲ್ಲಿ. ಕೊನೆಗೆ."

ಅಜ್ಜ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಅವರ ಕೊನೆಯ ದಿನಗಳಲ್ಲಿ ಪಪ್ಪ ಶಾಲೆಗೆ ರಜೆ ಹಾಕಿ ಪಕ್ಕದಲ್ಲೇ ಇದ್ದರು. ಎಲ್ಲ ಹೇಳಿದ ಮೇಲೆ ಅಜ್ಜ ಒಂದು ಚಮಚ ಹಿಡಿದು ಮಂಚದ ಕಬ್ಬಿಣದ ಸರಳಿಗೆ ಬಡಿದು ತೋರಿಸಿದರಂತೆ. ಹೀಗೆ ಬಡಿಯುತ್ತಿದ್ದರು ನೋಡು, ಹೀಗೆ. ತೋರಿಸಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಮಾತು ನಿಂತ ಮೇಲೂ ಬಡಿಯುತ್ತಲೇ ಇದ್ದರು. ನರ್ಸು ಚಮಚ ಕಿತ್ತುಕೊಂಡರೆ ಉಂಗುರದಿಂದ ಬಡಿದರು. ವಾರ್ಡಿನವರೆಲ್ಲ ಬೈಯತೊಡಗಿದರು.

"ನನಗೆ ಕೇಳಲಿಕ್ಕೆ ಆಗ್ಲಿಲ್ಲ ಮಗಳೇ" ಎಂದರು ಪಪ್ಪ. "ಮಧ್ಯಾಹ್ನ. ಒಂದು ಚಾ ಕುಡಿದು ಬರ್ತೇನೆ ಅಂತ ಎದ್ದು ಹೋದೆ. ಚಾ ಬೇಕಿರ್ಲಿಲ್ಲ ನನಗೆ. ಆ ಶಬ್ದದಿಂದ ಓಡಿ ಹೋದದ್ದು. ಗೇಟಿನವರೆಗೂ ಕೇಳ್ತಾ ಇತ್ತು. ತಿರುಗಿ ಬರುವಾಗ ವಾರ್ಡು ಶಾಂತ ಉಂಟು. ನಿದ್ದೆ ಬಂತು ಕಾಣ್ತದೆ ಅಂತ ನನಗೆ ಖುಷಿ ಆಯ್ತು. ಖುಷಿ ಆಯ್ತು ಮಾರಾಯ್ತಿ. ನೋಡಿದ್ರೆ ಹೋಗಿಯಾಗಿತ್ತು."

ಇದನ್ನು ಮೊದಲೇ ಹೇಳಿದ್ದರೆ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಅಂಥ ಸಂದರ್ಭ ನನ್ನ ಬದುಕಿನಲ್ಲಿ ಕಡಿಮೆ. ಅವರ ಪಕ್ಕದಲ್ಲಿ ಕೂತು, ಅವರು ಬೇಡವೆಂದರೂ ಮೊಣಕಾಲು ಒರೆಸಿದೆ.

ಮನೆಗೆ ಬಂದ ಮೇಲೆ ನಾನು ಸ್ಕ್ಯಾನಿನ ಮಾತು ಎತ್ತಲಿಲ್ಲ. ಎತ್ತಲು ಧೈರ್ಯವಿರಲಿಲ್ಲ. ಆ ಯಂತ್ರದ ಸದ್ದು ನಿಲ್ಲಿಸಬಹುದೇ ಎಂದು ಮಾತ್ರ ಕದ್ದು ಫೋನು ಮಾಡಿ ಕೇಳಿದೆ. ಆಗದು, ಕಿವಿಗೆ ಬೆಣೆ ಕೊಡುತ್ತೇವೆ, ಆದರೂ ಕೇಳಿಸುತ್ತದೆ ಎಂದರು. ಅಷ್ಟರಲ್ಲಿ ಪಪ್ಪನ ಕಾಲು ಇನ್ನಷ್ಟು ಹೋಯಿತು. ಒಂದು ದಿನ ಕುರ್ಚಿಯಿಂದ ಏಳಲು ಹೋಗಿ ಹಾಗೇ ಕುಸಿದು ಕೂತರು. ಎಡಗಾಲಿನ ಬೆರಳು ಕೂಡ ಜೋಮು ಹಿಡಿದಿದೆ ಎಂದು ಮೊದಲ ಸಲ ಒಪ್ಪಿಕೊಂಡರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಅದರ ಮರುದಿನ ಮಕ್ಕಳಿಗೆ ತಿಂಡಿ ಕೊಡುತ್ತಿದ್ದೆ. ಪಪ್ಪ ಕೂತಲ್ಲಿಂದಲೇ, "ಆ ಮಿಷನಿಗೆ ಒಂದು ಬುಕ್ಕಿಂಗು ಮಾಡು" ಎಂದರು.

ನಾನು ಕೈಯಲ್ಲಿದ್ದ ಬಾಳೆಹಣ್ಣು ಹಾಗೇ ಹಿಡಿದು ನಿಂತೆ. "ಪಪ್ಪ, ಅದರ ಶಬ್ದ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ ಅಂತೆ. ನಾನು ಕೇಳಿದೆ."

"ನಿಲ್ಲಿಸ್ಬೇಕು ಅಂತ ನಾನು ಹೇಳಿದ್ನಾ?"

ನಾನು ಕೆದಕಲಿಲ್ಲ. ಇವರ ಮನಸ್ಸು ಬದಲಾಗುವ ಮೊದಲು ಎಂದು ಫೋನಿಗೆ ಓಡಿದೆ.

ಈ ಸಲ ನಾನೂ ಒಳಗೆ ಕೂರಲು ಅನುಮತಿ ಕೇಳಿದೆ. ಅದೇ ಹೆಂಗಸು ಇದ್ದಳು. ಮೈಮೇಲಿನ ಲೋಹವೆಲ್ಲ ತೆಗೆದಿಟ್ಟು ಬನ್ನಿ, ಕೂತಲ್ಲಿಂದ ಏಳಬೇಡಿ, ಅವರನ್ನು ಮುಟ್ಟಬೇಡಿ, ಅವರು ಸ್ವಲ್ಪ ಅಲುಗಿದರೂ ಚಿತ್ರ ಕೆಡುತ್ತದೆ ಎಂದಳು. ಮದುವೆಯ ಉಂಗುರ ಬೆರಳು ಬಿಟ್ಟು ಬರಲಿಲ್ಲ, ಸೋಪು ಹಚ್ಚಿ ಎಳೆದೆ. ಕಿವಿಗೆ ಬೆಣೆ ಇಟ್ಟು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಪಪ್ಪನನ್ನು ಕೊಳವೆಯೊಳಗೆ ತಳ್ಳಿದರು. ಕಂಡದ್ದು ಎರಡು ಪಾದ, ಹೊಟ್ಟೆಯ ಮೇಲೆ ಇಟ್ಟಿದ್ದ ಕೈ, ಕೈಯಲ್ಲಿ ರಬ್ಬರಿನ ಉಂಡೆ.

ಸದ್ದು ಶುರುವಾಯಿತು.

ಅದು ಹೀಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲು ದೂರದಲ್ಲಿ ಯಾರೋ ತಟ್ಟಿದ ಹಾಗೆ. ಆಮೇಲೆ ಹತ್ತಿರದಲ್ಲಿ, ಎರಡೂ ಮುಷ್ಟಿಯಿಂದ. ಸ್ವಲ್ಪ ನಿಲ್ಲುತ್ತದೆ, ಮುಗಿಯಿತೇನೋ ಅನ್ನುವಷ್ಟರಲ್ಲಿ ಬೇರೆ ಗತಿಯಲ್ಲಿ ಮತ್ತೆ. ಸಿಟ್ಟಿನಿಂದ, ಅವಸರದಿಂದ, ಬೇಡಿಕೊಳ್ಳುವ ಹಾಗೆ. ಯಂತ್ರ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಕುಂದಾಪುರದ ಆ ಮನುಷ್ಯ ಹೇಗಿದ್ದನೋ, ಅವನಿಗೆ ಹೆಂಡತಿಯಿದ್ದಳೋ ಎಂದು ನನ್ನ ತಲೆ ಎಲ್ಲೆಲ್ಲೋ ಓಡುತ್ತಿತ್ತು.

ಪಪ್ಪನ ಪಾದಗಳು ಬಿಗಿಯಾದವು. ಬೆರಳುಗಳು ಉಂಡೆಯ ಸುತ್ತ ಮುಚ್ಚಿಕೊಂಡವು. ಒತ್ತಿಬಿಡುತ್ತಾರೆ ಎಂದುಕೊಂಡೆ. ನಿಜ ಹೇಳುತ್ತೇನೆ, ಒತ್ತಿಬಿಡಲಿ ಎಂದೂ ಅನ್ನಿಸಿತು. ಕಾಲು ಹೋದರೆ ಹೋಗಲಿ, ನಾನು ಹೊತ್ತುಕೊಂಡೇ ತಿರುಗುತ್ತೇನೆ, ಇದು ನಿಲ್ಲಲಿ. ನನಗೆ ಎದ್ದು ಓಡಬೇಕಿತ್ತು. ಜನ್ಮದಲ್ಲಿ ಒಂದು ಕಡೆ ಸುಮ್ಮನೆ ಕೂತವಳಲ್ಲ ನಾನು. ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದು ಕೂತೆ.

ಪಪ್ಪ ಬೆರಳು ಬಿಡಿಸಿದರು. ಒಂದೊಂದಾಗಿ. ಉಂಡೆ ಅಂಗೈಯಿಂದ ಜಾರಿ ಪಕ್ಕಕ್ಕೆ ಬಿತ್ತು. ಅವರು ಅದನ್ನು ಹುಡುಕಲಿಲ್ಲ.

ಬಡಿತ ನಡೆದೇ ಇತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಕೈ ಹಾಗೇ ತೆರೆದು ಬಿದ್ದಿತ್ತು, ಪಾದ ಅಲುಗಲಿಲ್ಲ. ಒಂದು ಹಂತದಲ್ಲಿ ಅವರ ಉಸಿರು ನಡೆಯುತ್ತಿದೆಯೋ ಇಲ್ಲವೋ ಎಂದು ನನಗೆ ಗಾಬರಿಯಾಗಿ, ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಆಮೇಲೆ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಮತ್ತೆ ಶುರುವಾಗಲಿಲ್ಲ. ಎಲ್ಲೋ ಗಾಳಿಯಾಡುವ ಸದ್ದು ಮಾತ್ರ ಉಳಿಯಿತು.

ಆ ಹೆಂಗಸು ಒಳಗೆ ಬಂದಳು, ಚಿತ್ರಗಳು ಚೆನ್ನಾಗಿ ಬಂದಿವೆ, ಸರ್ಜನ್‌ಗೆ ಇಷ್ಟು ಸಾಕು ಎಂದಳು. ಸಾಕಾಯಿತು ಕೂಡ. ಆಪರೇಷನ್ನು, ಅದಾದ ಮೇಲೆ ಪಪ್ಪ ಕೋಲು ಹಿಡಿದು ಮತ್ತೆ ನಡೆಯಲು ಕಲಿತದ್ದು, ಎಲ್ಲ ಆ ಚಿತ್ರಗಳಿಂದಲೇ ಆಯಿತು. ಆದರೆ ಆ ಹೊತ್ತಿನಲ್ಲಿ ನನಗೆ ಯಾವ ಚಿತ್ರವೂ ಬೇಕಿರಲಿಲ್ಲ. ಪಪ್ಪನನ್ನು ಹೊರಗೆ ಎಳೆಯುತ್ತಿದ್ದ ಹಾಗೆಯೇ ಎದ್ದು ಹೋಗಿ ಮುಖ ನೋಡಿದೆ. ಕಣ್ಣಿನಿಂದ ನೀರು ಹರಿದು ಎರಡೂ ಕಿವಿಯ ಬೆಣೆ ಒದ್ದೆಯಾಗಿತ್ತು. ನಾನೇ ಅವನ್ನು ತೆಗೆದೆ.

"ಕಷ್ಟ ಆಯ್ತಾ ಪಪ್ಪ?" ಎಂದು ಕೇಳಿದೆ.

ಅವರು ಹೌದೆಂದು ತಲೆಯಾಡಿಸಿದರು. ಕೈಯಿಂದ ಕಿವಿ ಒರೆಸಿಕೊಂಡು ಹೇಳಿದರು:

"ಈ ಸಲ ನಿಲ್ಲುವವರೆಗೂ ಇದ್ದೆ."